ಗೋಡೆಗೆ ಬಣ್ಣ, ತಾಯಿಯ ಬಾಯಿಗೆ ಮಣ್ಣು

ರಜೆ ಬಂತೆಂದರೆ ಸಾಕು, ಅಮೆರಿಕ, ಇಂಗ್ಲೆಂಡು, ಆಸ್ಟ್ರೇಲಿಯಾಗಳ ಉಳ್ಳವರ ಮಕ್ಕಳು ಗುಂಪು ಕಟ್ಟಿಕೊಂಡು ಬಡದೇಶಗಳಿಗೆ ಹೊರಡುತ್ತಾರೆ. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದು ಕೈಯಲ್ಲಿ ಬಣ್ಣದ ಕುಂಚ, ಜೇಬಿನಲ್ಲಿ ಪಟ ತೆಗೆಯುವ ಫೋನು. ಎರಡು ವಾರ ಯಾವುದೋ ಒಂದು ಅನಾಥಾಲಯದಲ್ಲಿ ತಂಗುತ್ತಾರೆ. ಗೋಡೆಗೆ ಬಣ್ಣ ಬಳಿಯುತ್ತಾರೆ, ಸೋರುವ ತಗಡಿಗೆ ಮೊಳೆ ಹೊಡೆಯುತ್ತಾರೆ, ಮುರಿದ ಬೆಂಚಿಗೆ ಕಾಲು ಕೂಡಿಸುತ್ತಾರೆ. ಸಂಜೆ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಟ ತೆಗೆಸಿಕೊಳ್ಳುತ್ತಾರೆ. ಹದಿನೈದನೆಯ ದಿನ ಕಣ್ಣೊರೆಸಿಕೊಳ್ಳುತ್ತ ವಿಮಾನ ಹತ್ತುತ್ತಾರೆ. ಮಕ್ಕಳು ಗೇಟಿನ ಬಳಿ ನಿಂತು ಕೈ ಬೀಸುತ್ತವೆ. ಮುಂದಿನ ವಾರ ಇನ್ನೊಂದು ಗುಂಪು ಬರುತ್ತದೆ.

ಇದಕ್ಕೆ ಸೇವೆ ಎಂದು ಹೆಸರಿಟ್ಟಿದ್ದಾರೆ. ನಾವು ಇದನ್ನು ಸೇವೆ ಎಂದು ಒಪ್ಪುವುದಿಲ್ಲ.

ಇಷ್ಟು ಹೇಳಿದೊಡನೆ ನಮ್ಮ ಮೇಲೆ ಬೀಳುವ ಆರೋಪವೇನೆಂಬುದು ನಮಗೆ ಗೊತ್ತಿದೆ. ತಾವೂ ಮಾಡುವುದಿಲ್ಲ, ಮಾಡುವವರನ್ನೂ ಬಿಡುವುದಿಲ್ಲ ಎನ್ನುತ್ತಾರೆ. ಬೆವರು ಸುರಿಸಲು ಬಂದ ಹುಡುಗರನ್ನು ಹೀಗಳೆಯುವುದು ಯಾವ ಸಮಾಜವಾದ ಎಂದು ಕೇಳುತ್ತಾರೆ. ಆದ್ದರಿಂದ ಮೊದಲೇ ಸ್ಪಷ್ಟಪಡಿಸುತ್ತೇವೆ. ಮೈಮುರಿದು ದುಡಿಯುವುದಕ್ಕೆ ನಾವು ವಿರೋಧಿಗಳಲ್ಲ. ಡಾಕ್ಟರ್ ಲೋಹಿಯಾ ಅವರು ಸಮಾಜವಾದಿಗಳ ಮುಂದಿಟ್ಟ ಮೂರು ಸಂಕೇತಗಳು ಸಲಿಕೆ, ಮತ ಮತ್ತು ಸೆರೆಮನೆ. ಅವುಗಳಲ್ಲಿ ಮೊದಲನೆಯದೇ ಸಲಿಕೆ. ಸಲಿಕೆ ಹಿಡಿದವನನ್ನು ನಾವು ಗೌರವಿಸುತ್ತೇವೆ. ಆದರೆ ಆ ಸಲಿಕೆ ಯಾರ ಹೊಲದಲ್ಲಿ ಆಡುತ್ತಿದೆ, ಯಾರ ಬುಡ ಅಗೆಯುತ್ತಿದೆ ಎಂದು ನೋಡದೆ ಬರೀ ಕೈಯ ಬೊಬ್ಬೆ ನೋಡಿ ಭೇಷ್ ಎನ್ನುವ ಅಭ್ಯಾಸ ನಮಗಿಲ್ಲ.

ಮೊದಲು ಕೆಲಸದ ಮಾತನ್ನೇ ತೆಗೆದುಕೊಳ್ಳೋಣ. ಬಡಗಿತನ, ಗಾರೆ ಕೆಲಸ, ಕೊಳಾಯಿ ಕೆಲಸ ಇವೆಲ್ಲ ವರ್ಷಗಟ್ಟಲೆ ಕಲಿಯಬೇಕಾದ ಕಸುಬುಗಳು. ರಸಮಟ್ಟ ಹಿಡಿದು ಗೋಡೆಯ ಮಟ್ಟ ನೋಡುವುದು, ಮರದ ಎಳೆ ನೋಡಿ ರಂದ ಹೊಡೆಯುವುದು, ಬಾಗಿಲು ನೆಲಕ್ಕೆ ತಾಗದಂತೆ ತಿರುಗಣಿ ಕೂಡಿಸುವುದು, ಇವು ಕಾಲೇಜಿನ ಹುಡುಗನಿಗೆ ಎರಡು ವಾರದಲ್ಲಿ ಬರುವ ವಿದ್ಯೆಗಳಲ್ಲ. ತನ್ನ ಊರಿನಲ್ಲಿ ಮನೆಯ ನಲ್ಲಿ ಕೆಟ್ಟರೆ ಕೊಳಾಯಿಯವನನ್ನು ಕರೆಸುವ ಇದೇ ಹುಡುಗ ಕಾಂಬೋಡಿಯಕ್ಕೆ ಬಂದೊಡನೆ ಮೇಸ್ತ್ರಿಯಾಗಿಬಿಡುತ್ತಾನೆ! ತನ್ನ ದೇಶದ ಶಾಲೆಯ ಮಾಡಿನ ಮೇಲೆ ಹತ್ತಲು ಅವನನ್ನು ಯಾರಾದರೂ ಬಿಡುತ್ತಾರೆಯೇ? ಬಡವರ ಮಕ್ಕಳು ಮಲಗುವ ಮಾಡಿನ ಮೇಲೆ ಮಾತ್ರ ಯಾರು ಬೇಕಾದರೂ ಹತ್ತಬಹುದೆಂದು ಯಾವ ಶಾಸ್ತ್ರ ಹೇಳಿದೆ?

ಆ ಊರಿನಲ್ಲಿ ಬಡಗಿ ಇಲ್ಲವೇ? ಇದ್ದಾನೆ. ಗಾರೆಯವನು ಇಲ್ಲವೇ? ಇದ್ದಾನೆ. ಅಂಕೋರಿನ ಕಲ್ಲಿನ ದೇಗುಲಗಳನ್ನು ಎಬ್ಬಿಸಿದ ಜನಕ್ಕೆ ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವುದನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಆ ಬಡಗಿಗೆ ಇಲ್ಲದಿರುವುದು ಕೂಲಿ. ಅಮೆರಿಕದಿಂದ ಅಲ್ಲಿಗೆ ಹೋಗಿ ಬರುವ ವಿಮಾನದ ಖರ್ಚು ಒಬ್ಬನಿಗೆ ಸಾಮಾನ್ಯವಾಗಿ ಸಾವಿರ ಡಾಲರು ದಾಟುತ್ತದೆ. ಕಾಂಬೋಡಿಯದ ಬಟ್ಟೆ ಕಾರ್ಖಾನೆಯ ಕೆಲಸಗಾರಳಿಗೆ 2025ರಲ್ಲಿ ಸರಕಾರ ಗೊತ್ತುಮಾಡಿದ ಕನಿಷ್ಠ ವೇತನ ತಿಂಗಳಿಗೆ 208 ಡಾಲರು. ಒಬ್ಬ ಸ್ವಯಂಸೇವಕನ ವಿಮಾನದ ಬಾಡಿಗೆ ಒಬ್ಬ ದುಡಿಯುವ ಹೆಂಗಸಿನ ಐದು ತಿಂಗಳ ಸಂಬಳಕ್ಕೆ ಸಮ. ಹತ್ತು ಜನರ ಗುಂಪು ಬಂದರೆ ಆ ಲೆಕ್ಕದಲ್ಲಿ ನಾಲ್ಕು ವರ್ಷದ ದುಡಿಮೆ ಆಕಾಶದಲ್ಲಿ ಹೊಗೆಯಾಗಿ ಹೋಯಿತು. ಇಷ್ಟು ಖರ್ಚು ಮಾಡಿ ಬಳಿದದ್ದು ಒಂದು ಗೋಡೆ!

ಇದು ಬರೀ ದುಂದುವೆಚ್ಚದ ಮಾತಾಗಿದ್ದರೆ ನಾವು ಇಷ್ಟು ಕಟುವಾಗಿ ಬರೆಯುತ್ತಿರಲಿಲ್ಲ. ಉಳ್ಳವರು ದುಡ್ಡನ್ನು ಎಲ್ಲಿ ಸುರಿದರೂ ಅವರ ಇಷ್ಟ ಎಂದು ಸುಮ್ಮನಿರಬಹುದಿತ್ತು. ನಮ್ಮ ಆಕ್ಷೇಪಣೆ ಆ ಗೋಡೆಯ ಒಳಗಿನ ಮಕ್ಕಳದು.

ಅನಾಥಾಲಯವೆಂದರೆ ಅಲ್ಲಿರುವವರು ಅನಾಥರು ಎಂದು ಯಾರಾದರೂ ಭಾವಿಸುತ್ತಾರೆ. ಕಾಂಬೋಡಿಯದ ಲೆಕ್ಕ ಬೇರೆಯೇ ಹೇಳುತ್ತದೆ. ಅಲ್ಲಿ 1975ರಿಂದ 1979ರವರೆಗೆ ನಡೆದ ಖಮೇರ್ ರೂಜ್ ಆಳ್ವಿಕೆಯಲ್ಲಿ ಹದಿನೈದು ಲಕ್ಷಕ್ಕೂ ಮಿಕ್ಕಿ ಜನ ಸತ್ತರು. ಅದಕ್ಕೂ ಮೊದಲು ಅಮೆರಿಕದ ವಿಮಾನಗಳು 1973ರವರೆಗೆ ಆ ಹಳ್ಳಿಗಳ ಮೇಲೆ ಬಾಂಬು ಸುರಿಸಿದ್ದವು. ಆಗ ನಿಜವಾಗಿಯೂ ದಿಕ್ಕಿಲ್ಲದ ಮಕ್ಕಳು ದೇಶದ ತುಂಬ ಇದ್ದರು. ಕಾಲ ಕಳೆಯಿತು, ಶಾಂತಿ ಬಂತು, ತಬ್ಬಲಿ ಮಕ್ಕಳ ಸಂಖ್ಯೆ ಇಳಿಯಿತು. ನ್ಯಾಯವಾಗಿ ಅನಾಥಾಲಯಗಳೂ ಇಳಿಯಬೇಕಿತ್ತು. ಆದದ್ದೇನು? 2005ರಲ್ಲಿ 154 ಇದ್ದ ಇಂಥ ಮನೆಗಳು 2010ರ ಹೊತ್ತಿಗೆ 269 ಆದವು. ಅವುಗಳಲ್ಲಿ ಸರಕಾರ ನಡೆಸುತ್ತಿದ್ದವು 21 ಮಾತ್ರ. ಅಲ್ಲಿದ್ದ ಮಕ್ಕಳಲ್ಲಿ ನಾಲ್ವರಲ್ಲಿ ಮೂವರಿಗೆ ತಾಯಿಯೋ ತಂದೆಯೋ ಬದುಕಿದ್ದರು ಎಂದು ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ 2011ರಲ್ಲಿ ಪ್ರಕಟಿಸಿತು. ಅನಾಥರು ಕಡಿಮೆಯಾದರು, ಅನಾಥಾಲಯಗಳು ಹೆಚ್ಚಿದವು! ಈ ಗಣಿತದ ಗುಟ್ಟೇನು?

ಗುಟ್ಟು ಇನ್ನೊಂದು ಲೆಕ್ಕದಲ್ಲಿದೆ. 2005ರಲ್ಲಿ ಕಾಂಬೋಡಿಯಕ್ಕೆ ಬಂದ ವಿದೇಶಿ ಪ್ರವಾಸಿಗಳು ಸುಮಾರು 14 ಲಕ್ಷ. 2010ರಲ್ಲಿ ಸುಮಾರು 25 ಲಕ್ಷ. ಅಂದರೆ ಪ್ರವಾಸಿಗಳು ಹೆಚ್ಚಿದಂತೆ ಅನಾಥಾಲಯಗಳೂ ಹೆಚ್ಚಿದವು. ಪ್ರವಾಸಿಗಳು ದಂಡುಗಟ್ಟಿ ಇಳಿಯುವ ಸಿಯೆಮ್ ರೀಪಿನಲ್ಲಿ, ರಾಜಧಾನಿ ನೋಮ್ ಪೆನ್ನಿನಲ್ಲಿ ಅವು ತಲೆಯೆತ್ತಿದವು. ನೇಪಾಳದಲ್ಲಿಯೂ ಇದೇ ಕಥೆ. ಅಲ್ಲಿನ ಮಕ್ಕಳ ಮನೆಗಳಲ್ಲಿ ಹೆಚ್ಚಿನವು ಕಾಠ್ಮಂಡು ಕಣಿವೆ, ಪೋಖರಾ, ಚಿತವನಗಳಂಥ ಪ್ರವಾಸದ ಜಾಗಗಳಲ್ಲಿವೆ. ಮಕ್ಕಳನ್ನು ತಂದದ್ದಾದರೋ ಹುಮ್ಲಾದಂಥ ದೂರದ ಬೆಟ್ಟದ ಜಿಲ್ಲೆಗಳಿಂದ. ಬಡತನ ಬೆಟ್ಟದಲ್ಲಿ, ಅನಾಥಾಲಯ ಪೇಟೆಯಲ್ಲಿ! ಔಷಧಿಯ ಅಂಗಡಿಯನ್ನು ರೋಗವಿಲ್ಲದ ಕಡೆ ತೆರೆದಿದ್ದಾರೆಂದರೆ ಅದು ರೋಗಿಗಾಗಿ ತೆರೆದದ್ದಲ್ಲ ಎಂದು ಹಳ್ಳಿಯ ಮುದುಕಿಯೂ ಹೇಳಿಯಾಳು.

ಮಗು ಆ ಮನೆಗೆ ಹೇಗೆ ಬರುತ್ತದೆ? ಹೊತ್ತಿಗೆ ಗಂಜಿಯಿಲ್ಲದ ಹಳ್ಳಿಗೆ ಒಬ್ಬ ದಲ್ಲಾಳಿ ಹೋಗುತ್ತಾನೆ. ನಿಮ್ಮ ಮಗನಿಗೆ ಮೂರು ಹೊತ್ತು ಅನ್ನ, ಬಟ್ಟೆ, ಇಂಗ್ಲಿಷ್ ಶಾಲೆ ಎನ್ನುತ್ತಾನೆ. ನೇಪಾಳದಲ್ಲಿ 1996ರಿಂದ 2006ರವರೆಗೆ ಅಂತರ್ಯುದ್ಧ ನಡೆದಾಗ, ಮಗುವನ್ನು ಸುರಕ್ಷಿತವಾಗಿಡುತ್ತೇವೆಂದು ಹೇಳಿ ತಾಯ್ತಂದೆಗಳಿಂದಲೇ ಹಣ ಕಿತ್ತವರೂ ಇದ್ದರು. ತಾಯಿ ಒಪ್ಪುತ್ತಾಳೆ. ಅವಳು ಮಗುವನ್ನು ತೊರೆದಳೆಂದು ಹೇಳಬೇಡಿ. ಮಗುವಿಗೆ ಓದು ಸಿಗಲೆಂದು ಎದೆಯ ಮೇಲೆ ಕಲ್ಲು ಹೇರಿಕೊಂಡಳು ಎಂದು ಹೇಳಿ. ಪೇಟೆಗೆ ಬಂದ ಮೇಲೆ ಆ ಮಗು ಅನಾಥವಾಗುತ್ತದೆ. ಕಾಗದದ ಮೇಲೆ ಅನಾಥವಾಗುತ್ತದೆ. ಏಕೆಂದರೆ ತಾಯಿಯಿರುವ ಮಗುವಿನ ಗೋಡೆಗೆ ಬಣ್ಣ ಬಳಿಯಲು ಯಾರೂ ಸಮುದ್ರ ದಾಟಿ ಬರುವುದಿಲ್ಲ.

ಇಲ್ಲಿಗೆ ಬಂದಾಗ ಆ ಕುಂಚದ ನಿಜವಾದ ಕೆಲಸ ಕಾಣುತ್ತದೆ. ಸ್ವಯಂಸೇವಕ ದುಡ್ಡು ತರುತ್ತಾನೆ, ಊರಿಗೆ ಹೋಗಿ ಇನ್ನಷ್ಟು ದುಡ್ಡು ಕಳುಹಿಸುತ್ತಾನೆ. ಅವನು ಬರಬೇಕಾದರೆ ಮನೆಯಲ್ಲಿ ಮಕ್ಕಳಿರಬೇಕು. ಮನೆ ಹರಕಾಗಿರಬೇಕು. ಎಲ್ಲವೂ ನೆಟ್ಟಗಾಗಿಬಿಟ್ಟರೆ ಮುಂದಿನ ಗುಂಪಿಗೆ ಮಾಡಲು ಏನು ಉಳಿಯುತ್ತದೆ? ಆದ್ದರಿಂದಲೇ ಕೆಲವು ಕಡೆ ಮಕ್ಕಳನ್ನು ಬೇಕೆಂದೇ ಬಡಕಲಾಗಿ, ಮನೆಯನ್ನು ಬೇಕೆಂದೇ ಹಾಳಾಗಿ ಇಟ್ಟುಕೊಂಡದ್ದು ಬಯಲಾಗಿದೆ. ಎಲ್ಲ ಮನೆಗಳೂ ಹೀಗೆಂದು ನಾವು ಹೇಳುವುದಿಲ್ಲ. ಪ್ರಾಮಾಣಿಕರಾಗಿ ನಡೆಸುವವರೂ ಇದ್ದಾರೆ. ಆದರೆ ಪ್ರಾಮಾಣಿಕನ ಮನೆಗೆ ಬಂದ ಬಣ್ಣದ ಡಬ್ಬಿಯೇ ಪಕ್ಕದ ಬೀದಿಯ ಠಕ್ಕನಿಗೆ ವ್ಯಾಪಾರ ಕಲಿಸುತ್ತದೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರು ಎಂಬ ಗಾದೆ ನಮ್ಮಲ್ಲಿದೆ. ಇವರು ಆಳ ನೋಡಿದ ಮೇಲೆ ಬಾವಿಯ ಕಟ್ಟೆಗೆ ಸುಣ್ಣವನ್ನೂ ಬಳಿಯುತ್ತಿದ್ದಾರೆ.

ಇನ್ನೊಂದು ಮಾತನ್ನು ಹೇಳದೆ ಬಿಡಲಾರೆವು. ಕಾಂಬೋಡಿಯದ ರಫ್ತಿನಲ್ಲಿ ದೊಡ್ಡ ಪಾಲು ಸಿದ್ಧ ಉಡುಪುಗಳದು. ಆ ಉಡುಪು ಹೋಗುವುದು ಅಮೆರಿಕಕ್ಕೆ, ಯೂರೋಪಿಗೆ. ಅದನ್ನು ಹೊಲಿಯುವವರಲ್ಲಿ ಬಹುಪಾಲು ಹೆಂಗಸರು, ಹಳ್ಳಿಯಿಂದ ಬಂದವರು. ಮಗುವನ್ನು ಅಜ್ಜಿಯ ಬಳಿ ಬಿಟ್ಟು ಕಾರ್ಖಾನೆಯ ಸುತ್ತಲಿನ ಸಣ್ಣ ಕೋಣೆಗಳಲ್ಲಿ ಬಾಳುವ ತಾಯಂದಿರು ಅವರಲ್ಲಿ ಎಷ್ಟೋ ಮಂದಿ. ಹೀಗಿರುವಾಗ ಸ್ವಯಂಸೇವಕನು ತೊಟ್ಟು ಬಂದ ಅಂಗಿಯನ್ನು ಇಂಥ ಒಬ್ಬ ತಾಯಿಯೇ ಹೊಲಿದಿರಬಹುದು. ಆ ಅಂಗಿಗೆ ಅವನು ನಾಲ್ಕು ಕಾಸು ಹೆಚ್ಚು ಕೊಟ್ಟು, ಆ ಕಾಸು ಅವಳ ಕೈ ತಲುಪುವಂತೆ ಮಾಡಿದರೆ ಮಗುವನ್ನು ಅವಳೇ ಸಾಕುತ್ತಾಳೆ. ಆದರೆ ಅಂಗಿ ಅಗ್ಗವಾಗಿರಬೇಕು, ದಯೆ ದುಬಾರಿಯಾಗಿರಬೇಕು! ತಾಯಿಯ ಸಂಬಳದಲ್ಲಿ ಚೌಕಾಸಿ, ಮಗುವಿನ ಮೇಲೆ ಧಾರಾಳ. ಶ್ರೀಮಂತ ರಾಷ್ಟ್ರಗಳ ಪರೋಪಕಾರದ ಒಳಮರ್ಮವೆಲ್ಲ ಈ ಒಂದು ಮಾತಿನಲ್ಲಿದೆ ಎಂದು ನಾವು ಭಾವಿಸುತ್ತೇವೆ.

ಗೋಡೆ ಚೆನ್ನಾದರೆ ಮಗುವಿಗೆ ಒಳ್ಳೆಯದಾಗಲಿಲ್ಲವೇ ಎಂದು ಕೇಳುವವರಿಗೆ ರುಮೇನಿಯಾದ ಉದಾಹರಣೆ ಕೊಡುತ್ತೇವೆ. ಸಮಾಜವಾದದ ಹೆಸರು ಹೇಳಿಕೊಂಡ ಚೌಷೆಸ್ಕು ಎಂಬ ಸರ್ವಾಧಿಕಾರಿ ಅಲ್ಲಿ 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿ, ಹೆಚ್ಚು ಹೆರಬೇಕೆಂದು ಹೆಂಗಸರ ಮೇಲೆ ಒತ್ತಾಯ ಹೇರಿದ. ಸಾಕಲಾರದ ಮಕ್ಕಳನ್ನು ಸರಕಾರಿ ಮನೆಗಳಲ್ಲಿ ತುಂಬಿದ. 1989ರಲ್ಲಿ ಅವನು ಉರುಳಿದಾಗ ಇಂಥ ಮನೆಗಳಲ್ಲಿ ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಅವರಲ್ಲೂ ಬಹುಪಾಲು ಅನಾಥರಲ್ಲ. ದೂರದರ್ಶನದಲ್ಲಿ ಆ ದೃಶ್ಯ ಕಂಡ ಪಶ್ಚಿಮ ಯೂರೋಪಿನ ಜನ ಲಾರಿಗಳಲ್ಲಿ ಸಾಮಾನು ತುಂಬಿಕೊಂಡು ಹೋದರು. ಬಣ್ಣ ಬಳಿದರು, ಕೊಳಾಯಿ ರಿಪೇರಿ ಮಾಡಿದರು, ಮಂಚ ಹಾಕಿದರು. ಅವರ ಮನಸ್ಸನ್ನು ನಾವು ಶಂಕಿಸುವುದಿಲ್ಲ.

ಆದರೆ ಮಕ್ಕಳು? 2000ದ ಆಚೀಚೆ ಅಮೆರಿಕದ ವಿಜ್ಞಾನಿಗಳಾದ ನೆಲ್ಸನ್, ಫಾಕ್ಸ್, ಝೀನಾ ಎಂಬವರು ಬುಕಾರೆಸ್ಟಿನ ಇಂಥ ಮನೆಗಳ 136 ಎಳೆಯ ಮಕ್ಕಳನ್ನು ಕೂಲಂಕಷವಾಗಿ ಅಭ್ಯಸಿಸಿದರು. ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಒಪ್ಪಿಸಿದರು. ಉಳಿದವರಿಗೆ ಮೊದಲಿನ ವ್ಯವಸ್ಥೆಯೇ ಮುಂದುವರಿಯಿತು. ಕುಟುಂಬ ಸೇರಿದ ಮಕ್ಕಳ ಬುದ್ಧಿ ಬೆಳೆಯಿತು, ಮಾತು ಬೆಳೆಯಿತು. ಎಷ್ಟು ಬೇಗ ಸೇರಿದರೋ ಅಷ್ಟು ಚೆನ್ನಾಗಿ ಬೆಳೆಯಿತು. 2007ರಲ್ಲಿ ಈ ಫಲಿತಾಂಶ ಜಗತ್ತಿನ ಮುಂದೆ ಬಂತು. ಅದಕ್ಕೂ ಮುಂಚೆಯೇ, 2004ರಲ್ಲಿ, ಎರಡು ವರ್ಷದೊಳಗಿನ ಕೂಸುಗಳನ್ನು ಇಂಥ ಮನೆಗಳಿಗೆ ಸೇರಿಸಬಾರದೆಂದು ರುಮೇನಿಯಾ ಶಾಸನ ಮಾಡಿತು. ತೀವ್ರ ಅಂಗವೈಕಲ್ಯವಿರುವ ಕೂಸುಗಳಿಗೆ ಮಾತ್ರ ವಿನಾಯಿತಿಯಿತ್ತು. ಮಗುವಿಗೆ ಬೇಕಾದದ್ದು ತನ್ನ ಅಳು ಕೇಳಿ ಪ್ರತಿದಿನವೂ ಓಡಿಬರುವ ಒಂದೇ ಜೀವ ಎಂಬುದನ್ನು ನಮ್ಮ ಅಜ್ಜಿಯಂದಿರು ಯಾವ ಪರೀಕ್ಷೆಯೂ ಇಲ್ಲದೆ ತಿಳಿದಿದ್ದರು. ಎರಡು ವಾರಕ್ಕೊಮ್ಮೆ ಬದಲಾಗುವ ತೊಡೆ ಮಗುವಿಗೆ ಕಲಿಸುವುದು ಒಂದೇ ಪಾಠ: ಯಾರನ್ನೂ ನಂಬಬೇಡ, ಎಲ್ಲರೂ ಹೋಗುವವರೇ.

ಈಗ ಎದುರಾಳಿಗಳ ವಾದಗಳಿಗೆ ಬರೋಣ.

ಇಂದು ಮಾಡು ಸೋರುತ್ತಿದೆ, ನಿಮ್ಮ ಸಿದ್ಧಾಂತ ಮುಗಿಯುವವರೆಗೆ ಮಕ್ಕಳು ನೆನೆಯಬೇಕೇ ಎನ್ನುತ್ತಾರೆ. ಬೇಡ. ಇಂದೇ ರಿಪೇರಿಯಾಗಲಿ. ಊರಿನ ಮೇಸ್ತ್ರಿಗೆ ಕೂಲಿ ಕೊಟ್ಟು ಮಾಡಿಸಿ. ಒಂದು ವಿಮಾನದ ಟಿಕೇಟಿನ ಹಣದಲ್ಲಿ ಅವನು ಹುಡುಗರ ಆಟಕ್ಕಿಂತ ನೂರು ಪಾಲು ಗಟ್ಟಿಯಾಗಿ ಮಾಡಿಕೊಡುತ್ತಾನೆ. ಅವನ ಮನೆಯ ಒಲೆಯೂ ಉರಿಯುತ್ತದೆ, ಅವನ ಮಗು ಅನಾಥಾಲಯದ ಬಾಗಿಲಿಗೆ ಹೋಗುವುದೂ ತಪ್ಪುತ್ತದೆ.

ನಿಜವಾಗಿಯೂ ಯಾರೂ ಇಲ್ಲದ ಮಕ್ಕಳ ಗತಿಯೇನು ಎನ್ನುತ್ತಾರೆ. ಇದು ನ್ಯಾಯವಾದ ಪ್ರಶ್ನೆ. ಅಂಥ ಮಕ್ಕಳಿಗೆ ಚಿಕ್ಕಪ್ಪ ಇರಬಹುದು, ಅಜ್ಜಿ ಇರಬಹುದು, ಅವರೂ ಇಲ್ಲದಿದ್ದರೆ ಸಾಕುವ ನೆರೆಯವರಿರಬಹುದು. ಅವರಿಗೆ ನೆರವು ಕೊಡಿ. ಆಗದ ಮಾತೆನ್ನಬೇಡಿ. 1994ರ ಕಗ್ಗೊಲೆಯಲ್ಲಿ ನೊಂದ ರುವಾಂಡಾದಂಥ ಬಡದೇಶವೇ 2012ರಲ್ಲಿ ತನ್ನ 33 ಅನಾಥಾಲಯಗಳಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಕುಟುಂಬಗಳಿಗೆ ಸೇರಿಸುವ ಕೆಲಸಕ್ಕೆ ಕೈ ಹಾಕಿತು. ಬಂಧುಗಳ ಮನೆಗಳಲ್ಲಿ, ಸಾಕು ಕುಟುಂಬಗಳಲ್ಲಿ ಆ ಮಕ್ಕಳು ನೆಲೆ ಕಂಡರು. ಅಷ್ಟು ಕಷ್ಟ ಕಂಡ ದೇಶಕ್ಕೆ ಸಾಧ್ಯವಾದದ್ದು ಉಳಿದವರಿಗೆ ಏಕೆ ಅಸಾಧ್ಯ?

ಹಾಗಾದರೆ ಸ್ವಯಂಸೇವಕರು ಮನೆಯಲ್ಲಿ ಕೂರಬೇಕೇ ಎನ್ನುತ್ತಾರೆ. ಅಲ್ಲ. ಪಿಯೆರ್ ಸೆರೆಸೋಲ್ ಎಂಬ ಸ್ವಿಟ್ಜರ್ಲೆಂಡಿನ ಮಹನೀಯರು 1920ರಲ್ಲಿ, ಮಹಾಯುದ್ಧದಲ್ಲಿ ನೆಲಸಮವಾದ ಫ್ರಾನ್ಸಿನ ವೆರ್ದುನ್ ಬಳಿಯ ಎಸ್ನ್ ಎಂಬ ಹಳ್ಳಿಯನ್ನು ಮತ್ತೆ ಎಬ್ಬಿಸಲು ಸಣ್ಣದೊಂದು ತಂಡ ಕಟ್ಟಿಕೊಂಡು ಹೋದರು. ಶತ್ರುವೆನಿಸಿದ್ದ ಜರ್ಮನಿಯವರೂ ಆ ತಂಡದಲ್ಲಿದ್ದರು. 1934ರಲ್ಲಿ ನಮ್ಮ ಬಿಹಾರದಲ್ಲಿ ಭೂಕಂಪವಾದಾಗ ಅದೇ ಸೆರೆಸೋಲ್ ಇಲ್ಲಿಗೂ ಬಂದರು. ನೆರೆ ನುಗ್ಗುವ ತಗ್ಗಿನ ಹಳ್ಳಿಗಳನ್ನು ಎತ್ತರದ ಜಾಗಕ್ಕೆ ಸಾಗಿಸಿ ಮನೆ ಕಟ್ಟುವುದರಲ್ಲಿ ಹಳ್ಳಿಗರೊಡನೆ ಕೈಗೂಡಿಸಿದರು. ಅದನ್ನು ಸೇವೆ ಎಂದು ನಾವು ತಲೆಬಾಗಿ ಒಪ್ಪುತ್ತೇವೆ. ಏಕೆ? ಅವರು ಕಟ್ಟಿದ್ದು ಕುಟುಂಬಗಳು ಒಟ್ಟಿಗೆ ಬಾಳುವ ಮನೆಗಳನ್ನು. ಅವರ ಸೇವೆ ನಡೆಯಲು ಯಾವ ತಾಯಿಯೂ ಮಗುವನ್ನು ಅಗಲಬೇಕಾಗಿರಲಿಲ್ಲ. ಸೇವೆಯೋ ಶೋಕಿಯೋ ಎಂದು ತಿಳಿಯಲು ನಾವು ಕೇಳುವ ಪ್ರಶ್ನೆ ಇದೊಂದೇ: ನೀನು ಬಾರದೇ ಹೋಗಿದ್ದರೆ ಈ ಮಗು ಎಲ್ಲಿರುತ್ತಿತ್ತು? ತಾಯಿಯ ಮಡಿಲಲ್ಲಿ ಇರುತ್ತಿತ್ತು ಎಂಬುದು ಉತ್ತರವಾದರೆ, ಅಯ್ಯಾ, ಕುಂಚ ಕೆಳಗಿಡು.

ಇದು ನಮ್ಮೊಬ್ಬರ ಹುಚ್ಚು ವಾದವಲ್ಲ. ಬಡತನವೊಂದನ್ನೇ ಕಾರಣ ಮಾಡಿ ಮಗುವನ್ನು ಮನೆಯಿಂದ ಬೇರ್ಪಡಿಸಬಾರದು ಎಂದು ವಿಶ್ವಸಂಸ್ಥೆ 2009ರಲ್ಲಿಯೇ ಹೇಳಿತು. ಅನಾಥಾಲಯ ತುಂಬಿಸಲು ಮಕ್ಕಳನ್ನು ಸಾಗಿಸುವುದು ಆಧುನಿಕ ಗುಲಾಮಗಿರಿಯ ಒಂದು ರೂಪವೆಂದು 2018ರಲ್ಲಿ ಗುಲಾಮಗಿರಿಯ ವಿರುದ್ಧ ಶಾಸನ ಮಾಡಿದಾಗ ಆಸ್ಟ್ರೇಲಿಯಾ ಒಪ್ಪಿಕೊಂಡಿತು. ಅನಾಥಾಲಯಗಳಲ್ಲಿ ನಡೆಯುವ ಸ್ವಯಂಸೇವೆಯ ಪ್ರವಾಸದಿಂದ ಮಕ್ಕಳಿಗೆ ಆಗುವ ಕೇಡನ್ನು ತಡೆಯಬೇಕೆಂದು 2019ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ನಿರ್ಣಯ ಮಾಡಿತು. ಆದರೆ ನಿರ್ಣಯ ಕಾಗದದ ಮೇಲೆ, ವ್ಯಾಪಾರ ಬೀದಿಯ ಮೇಲೆ.

ಜಿಲ್ಲೆಯ ಈ ಪುಟ್ಟ ಪತ್ರಿಕೆಗೆ ಕಾಂಬೋಡಿಯದ ಗೋಡೆಯ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಕಾರಣವಿದೆ. ನಮ್ಮ ಊರುಗಳ ಮಕ್ಕಳೂ ಇಂದು ಬೆಂಗಳೂರಿನಲ್ಲಿ, ಅಮೆರಿಕದಲ್ಲಿ ದೊಡ್ಡ ಸಂಬಳದ ಮೇಲಿದ್ದಾರೆ. ದುಡ್ಡು ಬಂದ ಮೇಲೆ ದಯೆ ತೋರಿಸಬೇಕೆಂಬ ಆಸೆ ಅವರಿಗೂ ಬರುವುದು ಸಹಜ, ಅದು ಒಳ್ಳೆಯದೇ. ಅವರು ಹೊರಡುವ ಮೊದಲು ಈ ಲೆಕ್ಕ ಅವರಿಗೆ ತಿಳಿದಿರಲಿ. ನಮ್ಮ ದೇಶದಲ್ಲಿಯೂ, ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿಯಾಗಿರಬೇಕೆಂದು 2015ರ ಬಾಲನ್ಯಾಯ ಕಾಯಿದೆ ಹೇಳುತ್ತದೆ. ಸಂಕಟದಲ್ಲಿರುವ ಕುಟುಂಬ ಮಗುವನ್ನು ಮನೆಯಲ್ಲಿಯೇ ಸಾಕಲೆಂದು ತಿಂಗಳಿಗೆ 4,000 ರೂಪಾಯಿ ಕೊಡಲು ಮಿಷನ್ ವಾತ್ಸಲ್ಯ ಎಂಬ ಕೇಂದ್ರ ಯೋಜನೆಯಲ್ಲಿ ಅವಕಾಶವಿದೆ. ನಿಮ್ಮ ಕೇರಿಯ ವಿಧವೆಗೆ ಆ ಹಣದ ಸುದ್ದಿ ತಿಳಿದಿದೆಯೇ? ಅವಳ ಅರ್ಜಿ ಬರೆದುಕೊಡಲು ವಿಮಾನ ಹತ್ತಬೇಕಾಗಿಲ್ಲ. ಜಿಲ್ಲೆಯ ಮಕ್ಕಳ ರಕ್ಷಣಾ ಕಚೇರಿಯವರೆಗೆ ಅವಳ ಜೊತೆ ನಡೆದರೆ ಸಾಕು. ಅಲ್ಲಿ ಪಟ ತೆಗೆಯುವವರು ಯಾರೂ ಇರುವುದಿಲ್ಲ ಎಂಬುದೊಂದೇ ಕೊರತೆ.

ನಾವು ಹೇಳುವುದು ಇಷ್ಟೆ. ಕೆಲಸವನ್ನು ಊರಿನ ಕಸುಬುದಾರನಿಗೆ ಕೊಡಿ, ಕೂಲಿಯನ್ನು ಪೂರ್ತಿ ಕೊಡಿ. ಅಂಗಿ ಹೊಲಿಯುವ ತಾಯಿಗೆ ಬದುಕಲು ಸಾಕಾಗುವಷ್ಟು ಸಂಬಳ ಕೊಡಿಸಲು ನಿಮ್ಮ ದೇಶದ ಅಂಗಡಿಗಳ ಮುಂದೆ ನಿಂತು ಕೂಗಿ. ಅನಾಥಾಲಯಕ್ಕೆ ಕಳುಹಿಸುವ ಹಣ ಮಗುವನ್ನು ಮನೆಗೆ ಕಳುಹಿಸುವ ಕೆಲಸಕ್ಕೆ ಹೋಗುತ್ತಿದೆಯೇ ಎಂದು ಕೇಳಿ, ಇಲ್ಲವೆಂದರೆ ನಿಲ್ಲಿಸಿ. ಇದರಲ್ಲಿ ಬಣ್ಣದ ಕುಂಚಕ್ಕೆ ಕೆಲಸವಿಲ್ಲ, ನಿಜ. ಆದರೆ ಆ ಹಳ್ಳಿಯ ಸೋಗೆಯ ಗುಡಿಸಲಲ್ಲಿ, ಬಣ್ಣ ಕಾಣದ ಗೋಡೆಯ ಪಕ್ಕದಲ್ಲಿ, ಒಂದು ಮಗು ತನ್ನ ತಾಯಿಯ ಹತ್ತಿರ ಮಲಗುತ್ತದೆ.